ಕರೆಂಟ್, ಕೇಬಲ್, ಆಮೇಲೆ ಸರ್ವರ್: ಮಲೆನಾಡಿನಲ್ಲಿ ಐಟಿ ಇನ್‌ಫ್ರಾ ಕೆಲಸ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಐಟಿ ಕೆಲಸ ಅಂದರೆ ಜನರಿಗೆ ಮಾಚೇನಹಳ್ಳಿಯ ಐಟಿ ಪಾರ್ಕ್ ನೆನಪಾಗುತ್ತದೆ. ಇನ್‌ಫ್ರಾ, ಅಂದರೆ ನೆಟ್‌ವರ್ಕ್, ಸರ್ವರ್ ನೋಡಿಕೊಳ್ಳುವ ಕೆಲಸ ಹುಡುಕುವವರು ಅಲ್ಲಿಗೇ ನಿಲ್ಲಬಾರದು. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್, ಆಸ್ಪತ್ರೆ, ಸಹಕಾರಿ ಬ್ಯಾಂಕು, ಅಡಿಕೆ ಮಂಡಿ, ಫ್ಯಾಕ್ಟರಿ, ಊರಿಗೆ ಇಂಟರ್ನೆಟ್ ಕೊಡುವವರ ಆಫೀಸು, ಎಲ್ಲ ಕಡೆ ಈ ಕೆಲಸ ಇದೆ. ಹುದ್ದೆಯ ಹೆಸರು ಮಾತ್ರ ಬೇರೆ ಬೇರೆ. ಒಂದು ಕಡೆ ಸಿಸ್ಟಮ್ ಅಡ್ಮಿನ್, ಇನ್ನೊಂದು ಕಡೆ ನೆಟ್‌ವರ್ಕ್ ಇಂಜಿನಿಯರ್, ಮತ್ತೊಂದು ಕಡೆ ಸುಮ್ನೆ ‘ಕಂಪ್ಯೂಟರ್ ಹುಡುಗ’. ಹೆಸರಿಗೆ ಬೇಜಾರು ಮಾಡಿಕೊಳ್ಳಬೇಡಿ. ಸ್ವಿಚ್, ರೂಟರ್, ಸರ್ವರ್, ಬ್ಯಾಕಪ್, ಯುಪಿಎಸ್ ಎಲ್ಲ ನಿಮ್ಮ ಕೈಗೆ ಬರುತ್ತವೆ. ದೊಡ್ಡ ಕಂಪನಿಯಲ್ಲಿ ಹೊಸಬರಿಗೆ ಇವುಗಳಲ್ಲಿ ಒಂದನ್ನು ಮುಟ್ಟಲು ಸಿಕ್ಕರೇ ಹೆಚ್ಚು.

ಕಾಲೇಜಿನಲ್ಲಿ ನೆಟ್‌ವರ್ಕ್‌ನ ಏಳು ಪದರಗಳನ್ನು ಉರು ಹೊಡೆದಿರುತ್ತೀರಿ. ನಮ್ಮ ಕಡೆ ಆ ಏಳಕ್ಕೂ ಕೆಳಗೆ ಇನ್ನೊಂದಿದೆ, ಅದು ಕರೆಂಟು. ಹಾಗಾಗಿ ಈ ಮಾರ್ಗದರ್ಶಿ ಕೆಳಗಿಂದ ಮೇಲಕ್ಕೆ ಹೋಗುತ್ತದೆ. ಕ್ಲೌಡ್, ಕಂಟೇನರ್ ಎಲ್ಲ ಕಲಿಯಲೇಬೇಕು, ಆದರೆ ಅವು ಆಮೇಲೆ.

ಹಂತ 1: ಮೊದಲ ವಾರ ನೋಡಿ, ಬರೆಯಿರಿ, ಮುಟ್ಟಬೇಡಿ

ಕೆಲಸಕ್ಕೆ ಸೇರಿದ ದಿನವೇ ಏನಾದರೂ ಸರಿ ಮಾಡಿ ತೋರಿಸುವ ಆಸೆ ಇರುತ್ತದೆ. ತಡೆದುಕೊಳ್ಳಿ. ಒಂದು ನೋಟ್‌ಬುಕ್ ಹಿಡಿದು ಇಡೀ ಕಟ್ಟಡ ಸುತ್ತಿ. ಇಂಟರ್ನೆಟ್ ಲೈನ್ ಎಲ್ಲಿಂದ ಒಳಗೆ ಬರುತ್ತದೆ, ಫೈಬರ್ ಬಾಕ್ಸ್ ಎಲ್ಲಿದೆ, ಅಲ್ಲಿಂದ ಯಾವ ಸ್ವಿಚ್‌ಗೆ ಹೋಗುತ್ತದೆ, ಯಾವ ಪೋರ್ಟಿನಲ್ಲಿ ಯಾವ ಕೋಣೆಯ ಕೇಬಲ್ ಇದೆ, ಎಲ್ಲ ಬರೆದುಕೊಳ್ಳಿ. ಪ್ರತಿ ಸಾಧನದ ಮಾದರಿ, ಸೀರಿಯಲ್ ನಂಬರ್, ಖರೀದಿಸಿದ ವರ್ಷ, ವಾರಂಟಿ ಮುಗಿಯುವ ದಿನ ಒಂದು ಎಕ್ಸೆಲ್ ಹಾಳೆಗೆ ಹೋಗಲಿ.

ಹಳೆಯ ಕಟ್ಟಡಗಳಲ್ಲಿ ಆಶ್ಚರ್ಯಗಳು ಕಾದಿರುತ್ತವೆ. ಬೀರುವಿನ ಹಿಂದೆ, ಅಟ್ಟದ ಮೇಲೆ, ಜೆರಾಕ್ಸ್ ಮಷಿನ್ ಕೆಳಗೆ ಯಾರಿಗೂ ಗೊತ್ತಿಲ್ಲದ ಐದು ಪೋರ್ಟಿನ ಸ್ವಿಚ್ ಸಿಗುತ್ತದೆ. ಅದನ್ನು ಕಿತ್ತರೆ ಅರ್ಧ ಆಫೀಸು ಬಂದ್. ಅದಕ್ಕೇ ಮೊದಲು ಚೀಟಿ ಅಂಟಿಸಿ, ಕೀಳುವ ಮಾತು ಆಮೇಲೆ. ಫೋಟೋ ತೆಗೆದಿಡಿ. ಕೇಬಲ್ ಬಿಚ್ಚುವ ಮೊದಲು ತೆಗೆದ ಒಂದು ಫೋಟೋ ಆಮೇಲೆ ಗಂಟೆಗಟ್ಟಲೆ ಹುಡುಕಾಟ ಉಳಿಸುತ್ತದೆ.

ಆಫೀಸಿನ ಹಳಬರ ಹತ್ತಿರ ಮಾತಾಡಿ. ಇಪ್ಪತ್ತು ವರ್ಷದಿಂದ ಇರುವ ಗುಮಾಸ್ತರಿಗೆ, ಅಟೆಂಡರ್‌ಗೆ ಯಾವ ಗೋಡೆಯೊಳಗೆ ಯಾವ ವೈರ್ ಹೋಗಿದೆ ಎಂದು ನಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಅಣ್ಣ, ಈ ಲೈನ್ ಯಾವಾಗ ಹಾಕಿದ್ದು?’ ಅಂತ ಒಂದು ಟೀ ಕುಡಿಯುತ್ತ ಕೇಳಿ ನೋಡಿ.

ಹಂತ 2: ಕರೆಂಟು ಮತ್ತು ಅರ್ತಿಂಗ್

ಶರಾವತಿಯಿಂದ ರಾಜ್ಯಕ್ಕೆ ಕರೆಂಟ್ ಕೊಡುವ ಜಿಲ್ಲೆ ನಮ್ಮದು. ಲಿಂಗನಮಕ್ಕಿ ಅಣೆಕಟ್ಟಾಗಿ ಅರವತ್ತು ವರ್ಷ ದಾಟಿತು. ಆದರೂ ಜೂನ್ ಬಂತೆಂದರೆ ಹೊಸನಗರ, ತೀರ್ಥಹಳ್ಳಿ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ತಪ್ಪಿಲ್ಲ. ಮೆಸ್ಕಾಂ ಲೈನ್‌ಮನ್ ಗಾಳಿಮಳೆಯಲ್ಲಿ ಕಾಡಿನೊಳಗೆ ಲೈನ್ ಹುಡುಕಿಕೊಂಡು ಹೋಗಬೇಕು, ಸಮಯ ಹಿಡಿಯುತ್ತದೆ. ನಿಮ್ಮ ಲೆಕ್ಕಾಚಾರದಲ್ಲಿ ಆ ಸಮಯವೂ ಇರಬೇಕು.

ಮೊದಲು ಯುಪಿಎಸ್ ಪಟ್ಟಿ ಮಾಡಿ. ಪ್ರತಿಯೊಂದರ ಬ್ಯಾಟರಿ ಯಾವಾಗ ಹಾಕಿದ್ದು ಎಂದು ಅದರ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ. ಸಣ್ಣ ಯುಪಿಎಸ್‌ಗಳ ಲೆಡ್ ಆಸಿಡ್ ಬ್ಯಾಟರಿ ಮೂರು ವರ್ಷ ದಾಟಿದರೆ ಅನುಮಾನದಿಂದ ನೋಡಬೇಕು. ಹಸಿರು ಲೈಟ್ ಉರಿಯುತ್ತಿದೆ ಅಂದ ಮಾತ್ರಕ್ಕೆ ನಂಬಬೇಡಿ. ಕೆಲಸ ಮುಗಿದ ಮೇಲೆ, ಎಲ್ಲ ಫೈಲ್ ಸೇವ್ ಆದ ಮೇಲೆ, ಗೋಡೆಯ ಸ್ವಿಚ್ ಆರಿಸಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಗಡಿಯಾರ ನೋಡಿ ಬರೆಯಿರಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಕೈಚೆಲ್ಲುತ್ತದೆ.

ಫೈಬರ್ ಬಾಕ್ಸ್, ವೈಫೈ ರೂಟರ್ ಬಹಳಷ್ಟು 12 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. ಇವಕ್ಕೆಂದೇ ಸಣ್ಣ ಡಿಸಿ ಯುಪಿಎಸ್ ಸಿಗುತ್ತದೆ. ದೊಡ್ಡ ಯುಪಿಎಸ್ ಅರ್ಧ ಗಂಟೆಗೆ ಸುಸ್ತಾದರೂ ಇದು ಕೆಲವು ಗಂಟೆ ತಡೆಯುತ್ತದೆ. ಕೊಳ್ಳುವಾಗ ಅಡಾಪ್ಟರ್ ಮೇಲಿನ ಆಂಪಿಯರ್ ನೋಡಿಕೊಳ್ಳಿ. 2 ಆಂಪಿಯರ್ ಬೇಕಾದ ರೂಟರಿಗೆ 1 ಆಂಪಿಯರ್ ಕೊಟ್ಟರೆ ಅದು ಸುಮ್ಮಸುಮ್ಮನೆ ರೀಸ್ಟಾರ್ಟ್ ಆಗುತ್ತಿರುತ್ತದೆ. ನೀವು ಇಂಟರ್ನೆಟ್ ಕಂಪನಿಯವರಿಗೆ ಬೈಯುತ್ತಿರುತ್ತೀರಿ.

ಈಗ ಅರ್ತಿಂಗ್. ಒಂದು ಮಲ್ಟಿಮೀಟರ್ ಕೊಂಡುಕೊಳ್ಳಿ. ಎಲೆಕ್ಟ್ರಿಷಿಯನ್ ಪಕ್ಕದಲ್ಲಿದ್ದಾಗ ಸಾಕೆಟ್‌ನಲ್ಲಿ ಮೂರು ಅಳತೆ ಮಾಡಿಸಿ: ಫೇಸ್‌ನಿಂದ ನ್ಯೂಟ್ರಲ್, ಫೇಸ್‌ನಿಂದ ಅರ್ತ್, ನ್ಯೂಟ್ರಲ್‌ನಿಂದ ಅರ್ತ್. ಮೊದಲೆರಡು 230 ವೋಲ್ಟ್ ಆಸುಪಾಸು ಇರಬೇಕು. ಮೂರನೆಯದು ಒಂದೆರಡು ವೋಲ್ಟ್ ಇದ್ದರೆ ಒಳ್ಳೆಯದು. ಐದು ದಾಟಿದರೆ ವೈರಿಂಗ್‌ನಲ್ಲೋ ಅರ್ತ್ ಗುಂಡಿಯಲ್ಲೋ ಏನೋ ಸರಿಯಿಲ್ಲ. ರಿಪೇರಿ ನಿಮ್ಮ ಕೆಲಸ ಅಲ್ಲ, ಬೋರ್ಡ್ ಬಿಚ್ಚಲು ಹೋಗಬೇಡಿ. ಅಳತೆ ಬರೆದು ಮೇಲಿನವರಿಗೆ ಕೊಡುವುದು ನಿಮ್ಮ ಕೆಲಸ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಸಾಧನಗಳಿಗೆ ಮಳೆಗಾಲಕ್ಕಿಂತ ಅಪಾಯ. ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಸಾಕು, ಉದ್ದದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮುಖ್ಯ ಕಟ್ಟಡದಿಂದ ಗೋಡೌನ್‌ಗೆ ಮರದಿಂದ ಮರಕ್ಕೆ ಎಳೆದ ನೆಟ್‌ವರ್ಕ್ ಕೇಬಲ್ ನಮ್ಮ ಕಡೆ ಮಾಮೂಲಿ ದೃಶ್ಯ, ಅಲ್ವಾ? ಒಂದು ಗುಡುಗಿನ ರಾತ್ರಿ ಕಳೆದರೆ ಎರಡೂ ತುದಿಯ ಸ್ವಿಚ್‌ನಲ್ಲಿ ಆ ಪೋರ್ಟ್ ಸತ್ತಿರುತ್ತದೆ, ಅದೃಷ್ಟ ಕೆಟ್ಟರೆ ಇಡೀ ಸ್ವಿಚ್. ಇದಕ್ಕೆ ಪರಿಹಾರ ಸರ್ಜ್ ಪ್ರೊಟೆಕ್ಟರ್ ಮೇಲೆ ಸರ್ಜ್ ಪ್ರೊಟೆಕ್ಟರ್ ಹಾಕುವುದಲ್ಲ. ಎರಡು ಕಟ್ಟಡದ ನಡುವೆ ಫೈಬರ್ ಹಾಕಿಸಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲ್‌ಗೆ ಹೊಂದಿಸುವ ಪೆಟ್ಟಿಗೆ) ಇಟ್ಟರೆ ಆಯಿತು. ಆದರೆ ಫೈಬರ್ ಕೇಬಲ್‌ಗೆ ಆಧಾರಕ್ಕೆಂದು ಉಕ್ಕಿನ ತಂತಿ ಇದ್ದರೆ ಅದನ್ನು ಒಳಗಿನ ಸಾಧನಕ್ಕೆ ತಾಗಿಸಬೇಡಿ. ಇಲ್ಲದಿದ್ದರೆ ಮಾಡಿದ ಖರ್ಚೆಲ್ಲ ದಂಡ.

ಹಂತ 3: ಕೇಬಲ್

ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರ್ ಒಳಗಿರಬೇಕು. ಗೋಡೆಯೊಳಗೆ 90, ಎರಡು ತುದಿಯ ಪ್ಯಾಚ್ ಕೇಬಲ್‌ಗೆ ಉಳಿದ 10 ಎಂಬ ಲೆಕ್ಕ. ‘130 ಮೀಟರ್ ಹಾಕಿದ್ರೂ ನಡೀತಿದೆ’ ಎಂದು ಹೇಳುವವರು ಸಿಗುತ್ತಾರೆ. ನಡೆಯುತ್ತದೆ, ನಡೆಯದಿರುವ ದಿನದವರೆಗೆ.

ಅಗ್ಗದ ಕೇಬಲ್‌ಗೆ ಮೋಸ ಹೋಗಬೇಡಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕಳಿಸಿ. ಕ್ಯಾಮೆರಾಗೆ ಅದೇ ಕೇಬಲ್‌ನಲ್ಲಿ ಕರೆಂಟ್ ಕಳಿಸುವಾಗ ಇಂಥ ಎಳೆ ಬಿಸಿಯಾಗುತ್ತದೆ, ದೂರದ ಕ್ಯಾಮೆರಾ ರಾತ್ರಿ ಲೈಟ್ ಹಾಕಿಕೊಂಡ ಕೂಡಲೇ ಆಫ್ ಆಗುತ್ತದೆ.

ತುದಿ ಕ್ರಿಂಪ್ ಮಾಡುವ ಬಣ್ಣದ ಕ್ರಮ ಬಾಯಿಪಾಠ ಆಗಲಿ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಕಟ್ಟಡದ ತುಂಬ ಒಂದೇ ಕ್ರಮ ಇರಲಿ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಆದ್ದರಿಂದ ಗಿಗಾಬಿಟ್ ಸ್ವಿಚ್‌ನಲ್ಲಿರುವ ಒಂದು ಕಂಪ್ಯೂಟರ್ ಮಾತ್ರ 100 ಎಂದು ತೋರಿಸಿದರೆ ಕೇಬಲ್‌ನಲ್ಲಿ ಒಂದು ಎಳೆ ಕೈಕೊಟ್ಟಿದೆ ಎಂದೇ ಮೊದಲು ಅನುಮಾನ ಪಡಿ.

ಮಲೆನಾಡಿನ ತೇವದ್ದು ಇನ್ನೊಂದು ಕಾಟ. ಶ್ರಾವಣದ ಹೊತ್ತಿಗೆ ಕನೆಕ್ಟರಿನ ಪಿನ್‌ಗಳು ಮಂಕಾಗಿ, ಕೆಲವು ಕಡೆ ಹಸಿರು ಕಿಲುಬು ಹಿಡಿದಿರುತ್ತವೆ. ಕೇಬಲ್ ಒಮ್ಮೆ ಕಿತ್ತು ಮತ್ತೆ ಹಾಕಿದರೆ ಸರಿಯಾಗುತ್ತದೆ. ಎರಡು ದಿನ ಬಿಟ್ಟು ಮತ್ತೆ ಅದೇ ಗೋಳು. ಒರೆಸುವುದರಲ್ಲಿ ಕಾಲ ಕಳೆಯದೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ರ‍್ಯಾಕನ್ನು ಹೊರಗೋಡೆಗೆ ಅಂಟಿಸಿ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆ ನೀರು ಕುಡಿಯುತ್ತದೆ. ಕೇಬಲ್ ಒಳಬರುವ ತೂತು ಮುಚ್ಚಿ, ಇರುವೆ, ಹಲ್ಲಿಗೆ ಬೆಚ್ಚಗಿನ ಸ್ವಿಚ್ ಬಹಳ ಇಷ್ಟ. ಹೊರಗಿನಿಂದ ಬರುವ ಕೇಬಲ್ ಒಳಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಮಂಗಗಳ ವಿಷಯಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ಹಂತ 4: ವಿಳಾಸಗಳಿಗೆ ಒಂದು ಕ್ರಮ

ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕೂ ಐಪಿ ವಿಳಾಸ ಎಂಬ ಒಂದು ಸಂಖ್ಯೆ ಇರುತ್ತದೆ. ಸಣ್ಣ ಆಫೀಸಿಗೆ 254 ವಿಳಾಸಗಳ ಒಂದು ನೆಟ್‌ವರ್ಕ್ ಸಾಕು. 192.168.0 ಮತ್ತು 192.168.1 ಬಿಟ್ಟು ಬೇರೆ ಆರಿಸಿ, ಉದಾಹರಣೆಗೆ 192.168.20. ಮನೆಯ ರೂಟರ್‌ಗಳು ಬಹಳಷ್ಟು ಆ ಎರಡರಲ್ಲೇ ಬರುವುದರಿಂದ ಮುಂದೆ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಬರುವ ಭದ್ರವಾದ ದಾರಿ) ಹಾಕುವಾಗ ಡಿಕ್ಕಿ ಹೊಡೆಯುತ್ತದೆ. ವಿಳಾಸದ ಕೊನೆಯ ಸಂಖ್ಯೆ ಹೀಗಿರಲಿ: ಗೇಟ್‌ವೇಗೆ (ಹೊರಗಿನ ಇಂಟರ್ನೆಟ್‌ಗೆ ದಾರಿ ಕೊಡುವ ರೂಟರ್) 1, ಸರ್ವರ್‌ಗಳಿಗೆ 10ರಿಂದ 19, ಪ್ರಿಂಟರ್‌ಗಳಿಗೆ 20ರಿಂದ 49, ಕ್ಯಾಮೆರಾಗಳಿಗೆ 50ರಿಂದ 99, ಉಳಿದವರಿಗೆ 100ರಿಂದ 200ರವರೆಗೆ ಡಿಎಚ್‌ಸಿಪಿ (ಸಾಧನಗಳಿಗೆ ತಾನೇ ವಿಳಾಸ ಕೊಡುವ ವ್ಯವಸ್ಥೆ) ಹಂಚಲಿ. ಹೀಗೆ ಮಾಡಿದರೆ ವಿಳಾಸ ನೋಡಿದ ಕೂಡಲೇ ಅದು ಯಾವ ಸಾಧನ ಎಂದು ಗೊತ್ತಾಗುತ್ತದೆ. ಸ್ವಿಚ್‌ನಲ್ಲಿ ಸೌಲಭ್ಯ ಇದ್ದರೆ ಕ್ಯಾಮೆರಾ ಮತ್ತು ಅತಿಥಿಗಳ ವೈಫೈಯನ್ನು ಬೇರೆ ವಿಎಲ್‌ಎಎನ್‌ಗೆ (ಅದೇ ಸ್ವಿಚ್‌ನೊಳಗೆ ಪ್ರತ್ಯೇಕ ಮಾಡಿದ ಭಾಗ) ಹಾಕಿ, ಆಗ ಅವಕ್ಕೆ ಬೇರೆ ನೆಟ್‌ವರ್ಕೇ ಕೊಡಬೇಕಾಗುತ್ತದೆ.

ಹಂತ 5: ‘ನೆಟ್ ಬರ್ತಿಲ್ಲ ಸಾರ್’

ನಿಮ್ಮ ಅರ್ಧ ಕೆಲಸ ಇದೇ. ಫೋನ್ ಬರುತ್ತದೆ.

‘ನೆಟ್ ಬರ್ತಿಲ್ಲ ಸಾರ್.’

‘ನಿಮಗೊಬ್ಬರಿಗೇನಾ ಮೇಡಂ, ಪಕ್ಕದವರಿಗೂನಾ?’

‘ತಡೀರಿ ಕೇಳ್ತೀನಿ... ಅವ್ರಿಗೆ ಬರ್ತಿದೆಯಂತೆ.’

ಈ ಒಂದು ಪ್ರಶ್ನೆಯಿಂದ ತೊಂದರೆ ಅರ್ಧಕ್ಕೆ ಇಳಿಯಿತು. ಎಲ್ಲರಿಗೂ ಇಲ್ಲ ಎಂದರೆ ಹೊರಗಿನ ಲೈನ್, ರೂಟರ್ ಅಥವಾ ಮುಖ್ಯ ಸ್ವಿಚ್. ಒಬ್ಬರಿಗೇ ಇಲ್ಲ ಎಂದರೆ ಅವರ ಕೇಬಲ್, ಪೋರ್ಟ್, ಕಂಪ್ಯೂಟರ್. ಎರಡನೇ ಪ್ರಶ್ನೆ: ‘ನೆಟ್ ಇಲ್ಲ’ ಎಂದರೆ ಏನು? ಕೆಲವರಿಗೆ ವಾಟ್ಸಾಪ್ ವೆಬ್ ತೆರೆಯದಿರುವುದು, ಕೆಲವರಿಗೆ ಟ್ಯಾಲಿ ಸರ್ವರ್ ಸಿಗದಿರುವುದು, ಇನ್ನು ಕೆಲವರಿಗೆ ಪ್ರಿಂಟ್ ಬರದಿರುವುದು ಎಲ್ಲವೂ ‘ನೆಟ್ ಇಲ್ಲ’ವೇ.

ಒಬ್ಬರದೇ ತೊಂದರೆ ಆಗಿದ್ದರೆ ಈ ಕ್ರಮ ಬಿಡಬೇಡಿ:

1. ಕೇಬಲ್ ಹಾಕಿರುವ ಜಾಗದಲ್ಲಿ ಲೈಟ್ ಮಿನುಗುತ್ತಿದೆಯಾ? ಇಲ್ಲದಿದ್ದರೆ ಕೇಬಲ್ ಅಥವಾ ಪೋರ್ಟ್. ಸಾಫ್ಟ್‌ವೇರ್ ಕಡೆ ನೋಡುವ ಅಗತ್ಯವೇ ಇಲ್ಲ.
2. ಐಪಿ ವಿಳಾಸ ನೋಡಿ. 169.254ರಿಂದ ಶುರುವಾದರೆ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ. ನಿಮ್ಮದು 192.168.20 ಆಗಿದ್ದು ಅಲ್ಲಿ 192.168.0 ಕಾಣಿಸಿದರೆ ಯಾರೋ ಮನೆಯಿಂದ ಹಳೆಯ ವೈಫೈ ರೂಟರ್ ತಂದು ಚುಚ್ಚಿದ್ದಾರೆ, ಅದು ತಾನೇ ವಿಳಾಸ ಹಂಚುತ್ತಿದೆ. ಅದನ್ನು ಹುಡುಕಿ ಕೀಳಿ, ಬೈಯಬೇಡಿ. ಆ ಕೋಣೆಗೆ ವೈಫೈ ಸಿಗುತ್ತಿಲ್ಲ ಅಂತ ತಂದಿರುತ್ತಾರೆ.
3. ಗೇಟ್‌ವೇಗೆ ಪಿಂಗ್ (ಆ ಕಡೆಯ ಸಾಧನ ಉತ್ತರಿಸುತ್ತದಾ ಎಂದು ನೋಡುವ ಆದೇಶ) ಮಾಡಿ. ಉತ್ತರ ಬಂದರೆ ಆಫೀಸಿನ ಒಳಗೆ ಎಲ್ಲ ಸರಿ.
4. 8.8.8.8ಕ್ಕೆ (ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಸರ್ವರ್) ಪಿಂಗ್ ಮಾಡಿ. ಬಂದರೆ ಹೊರಗಿನ ಲೈನೂ ಸರಿ.
5. ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಸೈಟ್ ಹೆಸರು ಹಾಕಿದರೆ ಇಲ್ಲ ಎಂದರೆ ತೊಂದರೆ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರನ್ನು ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯಲ್ಲಿ.
6. ಎಲ್ಲ ಸರಿ ಇದ್ದೂ ಬ್ರೌಸರ್ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಹಟ ಹಿಡಿದರೆ ಕಂಪ್ಯೂಟರಿನ ದಿನಾಂಕ ನೋಡಿ.

ಕೊನೆಯದು ನಮ್ಮ ಕಡೆ ಜಾಸ್ತಿ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿ ಸತ್ತಿರುತ್ತದೆ. ಕರೆಂಟ್ ಹೋಗಿ ಬಂದ ಕೂಡಲೇ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಓಡುತ್ತದೆ. ಆ ದಿನಾಂಕಕ್ಕೆ ಸೈಟಿನ ಸರ್ಟಿಫಿಕೇಟ್ (ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಪುರಾವೆ) ಇನ್ನೂ ಹುಟ್ಟಿಯೇ ಇರುವುದಿಲ್ಲ. ಕಡಿಮೆ ದುಡ್ಡಿನ ಒಂದು ಸೆಲ್ ಹಾಕಿದರೆ ಮುಗಿಯಿತು. ಗೊತ್ತಿಲ್ಲದವರು ವಿಂಡೋಸ್ ಪೂರ್ತಿ ಫಾರ್ಮ್ಯಾಟ್ ಮಾಡುತ್ತಾರೆ.

ಫಾರ್ಮ್ಯಾಟ್ ಅಂದಾಗ ನೆನಪಾಯಿತು. ಸರ್ಕಾರಿ ಕಚೇರಿ, ಸೊಸೈಟಿಗಳಲ್ಲಿ ಹಳೆಯ ಪತ್ರಗಳು ನುಡಿಯ ಹಳೆಯ ಫಾಂಟಿನಲ್ಲಿರುತ್ತವೆ, ಯೂನಿಕೋಡ್‌ನಲ್ಲಿ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಡಿಸ್ಕ್ ಒರೆಸುವ ಮೊದಲು ಫಾಂಟ್ ಫೋಲ್ಡರ್ ಕಾಪಿ ಮಾಡಿಕೊಳ್ಳಿ.

ಎಲ್ಲರಿಗೂ ನೆಟ್ ಇಲ್ಲ ಎಂದಾದರೆ ಫೈಬರ್ ಬಾಕ್ಸ್ ಮುಂದೆ ನಿಲ್ಲಿ. ‘ಎಲ್‌ಒಎಸ್’ ಎಂಬ ಲೈಟ್ ಕೆಂಪಗೆ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ, ಎಲ್ಲೋ ಫೈಬರ್ ತುಂಡಾಗಿದೆ ಅಥವಾ ಬಾಗಿದೆ. ಬಾಕ್ಸಿನ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಮಟ್ಟವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತಾರೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಲೈನ್ ಚೆನ್ನಾಗಿರುವ ದಿನ ಅದನ್ನು ಬರೆದಿಟ್ಟುಕೊಳ್ಳಿ. ಮೊದಲು ಮೈನಸ್ 20 ಇದ್ದದ್ದು ಈಗ ಮೈನಸ್ 27 ಆಗಿದ್ದರೆ ಲೈನ್ ಪೂರ್ತಿ ಹೋಗುವ ಮೊದಲೇ ದೂರು ಕೊಡಬಹುದು. ‘ಸ್ಲೋ ಇದೆ’ ಎಂದು ದೂರಿದರೆ ರೂಟರ್ ರೀಸ್ಟಾರ್ಟ್ ಮಾಡಿ ಎನ್ನುತ್ತಾರೆ. ‘ಬೆಳಕು ಏಳು ಡಿಬಿ ಇಳಿದಿದೆ’ ಎಂದರೆ ಮಾತೇ ಬೇರೆ.

ಎಲ್‌ಒಎಸ್ ಕೆಂಪಗಿಲ್ಲ, ಆದರೆ ಸ್ವಿಚ್‌ನ ಎಲ್ಲ ಲೈಟುಗಳೂ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗುತ್ತಿವೆ ಎಂದರೆ ಲೂಪ್. ಖಾಲಿ ನೇತಾಡುತ್ತಿದ್ದ ಕೇಬಲ್ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಅದೇ ಸ್ವಿಚ್‌ಗೆ ವಾಪಸ್ ಚುಚ್ಚಿರುತ್ತಾರೆ. ಒಂದೊಂದೇ ಕೇಬಲ್ ಕೀಳುತ್ತ ಹೋಗಿ, ಯಾವುದು ಕಿತ್ತಾಗ ಶಾಂತವಾಗುತ್ತದೆ ನೋಡಿ.

ಹಂತ 6: ಎರಡನೇ ಲೈನ್

ಬೇರೆ ಕಂಪನಿಯದ್ದು ತೆಗೆದುಕೊಂಡರೆ ಸಾಲದು, ಬೇರೆ ದಾರಿಯಲ್ಲಿ ಬರಬೇಕು. ಎರಡೂ ಒಂದೇ ಕಂಬದ ಮೇಲಿದ್ದರೆ ಒಂದೇ ಮರ ಎರಡನ್ನೂ ತೆಗೆಯುತ್ತದೆ. ರಸ್ತೆಗೆ ಹೋಗಿ ಕಣ್ಣಾರೆ ನೋಡಿ. ಹಳ್ಳಿ ಶಾಖೆಗಳಿಗೆ ಫೈಬರ್ ಜೊತೆ ಒಂದು 4ಜಿ ರೂಟರ್ ಇಟ್ಟರೆ ಸಾಕಾಗುತ್ತದೆ. ಸಿಮ್ ಕೊಳ್ಳುವ ಮೊದಲು ಅದೇ ಕೋಣೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಪರೀಕ್ಷಿಸಿ. ಘಟ್ಟದ ಕಡೆ ಒಂದು ದಿಬ್ಬ ಅಡ್ಡ ಬಂದರೂ ಸಿಗ್ನಲ್ ಇರುವುದಿಲ್ಲ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯಬಹುದು, ಅದೂ ನೆನಪಿರಲಿ.

ಹಂತ 7: ಬ್ಯಾಕಪ್

ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮ, ಒಂದು ಕಟ್ಟಡದಿಂದ ಹೊರಗೆ. ಸರ್ವರ್‌ನಲ್ಲಿ ರೇಡ್ (ಒಂದೇ ಡೇಟಾವನ್ನು ಒಂದಕ್ಕಿಂತ ಹೆಚ್ಚು ಡಿಸ್ಕ್‌ನಲ್ಲಿ ಇಡುವ ವ್ಯವಸ್ಥೆ) ಇದೆ ಎಂದು ಬ್ಯಾಕಪ್ ಬಿಡುವವರಿದ್ದಾರೆ. ಒಂದು ಡಿಸ್ಕ್ ಸತ್ತರೆ ರೇಡ್ ಕಾಪಾಡುತ್ತದೆ. ಯಾರೋ ಫೋಲ್ಡರ್ ಡಿಲೀಟ್ ಮಾಡಿದರೆ ಅದು ಎರಡೂ ಡಿಸ್ಕಿನಿಂದ ಅಷ್ಟೇ ಶಿಸ್ತಾಗಿ ಡಿಲೀಟ್ ಮಾಡುತ್ತದೆ. ಬ್ಯಾಕಪ್ ಡಿಸ್ಕ್ ಯಾವಾಗಲೂ ಸಿಕ್ಕಿಸಿಯೇ ಇದ್ದರೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದ ದಿನ ಅದೂ ಹೋಯಿತು. ಕೆಲಸ ಮುಗಿದ ಮೇಲೆ ಬಿಚ್ಚಿ ಬೀರುವಿನಲ್ಲಿಡಿ.

ಹೊರಗಿನ ಪ್ರತಿಗೆ ಕ್ಲೌಡ್ ಆರಿಸುವ ಮೊದಲು ಲೆಕ್ಕ ಹಾಕಿ. 50 ಜಿಬಿ ಡೇಟಾ, ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಎಂದರೆ ಎಲ್ಲ ಸರಿಯಿದ್ದರೂ ಹನ್ನೊಂದು ಗಂಟೆ ಬೇಕು. ಮಳೆಗಾಲದ ಸೊರಬದ ಶಾಖೆಯಲ್ಲಿ ಹನ್ನೊಂದು ಗಂಟೆ ಲೈನ್ ನಿಲ್ಲುತ್ತದಾ? ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ಶಿವಮೊಗ್ಗದ ಮುಖ್ಯ ಕಚೇರಿಗೆ ಒಯ್ದಿಟ್ಟು, ದಿನದ ಬದಲಾವಣೆ ಮಾತ್ರ ಲೈನ್ ಮೇಲೆ ಕಳಿಸಿ. ಹೊರಗೆ ಹೋಗುವ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ.

ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಡೇಟಾ ವಾಪಸ್ ತೆಗೆದು, ನಿನ್ನೆಯ ಒಂದು ಬಿಲ್ ತೆರೆಯಿರಿ. ಅಕೌಂಟೆಂಟನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ತಾಳೆ ನೋಡಿ. ಹಾಗೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂತ 8: ಬಾಗಿಲು ಭದ್ರ ಮಾಡಿ

ಮನೆಯಿಂದ ಕೆಲಸ ಮಾಡಲು ಬೇಕು ಎಂದು ಯಾರೋ 3389 ಪೋರ್ಟನ್ನು ನೇರ ಇಂಟರ್ನೆಟ್‌ಗೆ ತೆರೆದಿಟ್ಟಿರುತ್ತಾರೆ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ ಅದು. ಇಡೀ ಜಗತ್ತಿನ ಕಳ್ಳರು ತಟ್ಟಿ ನೋಡುವ ಬಾಗಿಲು. ಮುಚ್ಚಿ, ವಿಪಿಎನ್ ಕೊಡಿ. ರೂಟರ್, ಕ್ಯಾಮೆರಾ ರೆಕಾರ್ಡರ್‌ಗೆ ತಯಾರಕರು ಹಾಕಿಕೊಟ್ಟ ಪಾಸ್‌ವರ್ಡ್ ಬದಲಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂಥ ಕಂಪ್ಯೂಟರ್‌ಗಳ ಪಟ್ಟಿ ಮಾಡಿ ಬದಲಾವಣೆಯ ಖರ್ಚು ಮೇಲಿನವರ ಮುಂದಿಡಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಸಾಧನಗಳು ತಾವೇ ಬರೆದಿಡುವ ದಾಖಲೆ) 180 ದಿನ ಇಡಬೇಕು. ನಿಮ್ಮ ಫೈರ್‌ವಾಲ್ ಎಷ್ಟು ದಿನದ ಲಾಗ್ ಇಡುತ್ತದೆ ಎಂದು ಇವತ್ತೇ ನೋಡಿ.

ಹಂತ 9: ಬದಲಾವಣೆ ಮಾಡುವಾಗ

ಶನಿವಾರ ಸಂಜೆ ಮನೆಗೆ ಹೊರಡುವ ಮೊದಲು ಯಾವ ಸೆಟ್ಟಿಂಗೂ ಬದಲಿಸಬೇಡಿ. ದೂರದ ಶಾಖೆಯ ರೂಟರನ್ನು ಇಲ್ಲಿಂದ ಬದಲಿಸುವುದಾದರೆ ಮೊದಲು ಹಳೆಯ ಸೆಟ್ಟಿಂಗ್ ಡೌನ್‌ಲೋಡ್ ಮಾಡಿಕೊಳ್ಳಿ. ಅಲ್ಲಿ ಒಬ್ಬರು ಫೋನ್ ಹಿಡಿದು ರೂಟರ್ ಹತ್ತಿರ ನಿಂತಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಮಾಡಿದಿರಿ, ಯಾಕೆ, ವಾಪಸ್ ಹೇಗೆ ಎಂದು ಮೂರು ಸಾಲು ಬರೆಯಿರಿ. ಕೆಟ್ಟರೆ ಕೂಡಲೇ ಹಿರಿಯರಿಗೆ ಹೇಳಿ, ಮುಚ್ಚಿಡಬೇಡಿ. ಲಾಗ್‌ನಲ್ಲಿ ಹೇಗೂ ಇರುತ್ತದೆ.

ಹಂತ 10: ಮನೆಯಲ್ಲೊಂದು ಲ್ಯಾಬ್, ಮುಂದಿನ ಕೆಲಸಕ್ಕೆ ತಯಾರಿ

ಆಫೀಸಿನ ನೆಟ್‌ವರ್ಕ್ ಮೇಲೆ ಪ್ರಯೋಗ ಬೇಡ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದಕ್ಕೆ 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿ, ಪ್ರಾಕ್ಸ್‌ಮಾಕ್ಸ್ ಅಥವಾ ವರ್ಚುವಲ್‌ಬಾಕ್ಸ್ (ಒಂದೇ ಕಂಪ್ಯೂಟರಿನೊಳಗೆ ಹಲವು ಯಂತ್ರ ನಡೆಸುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿ. ಒಂದು ಡೆಬಿಯನ್ ಲಿನಕ್ಸ್ ಯಂತ್ರ ಎಬ್ಬಿಸಿ ಅದರಲ್ಲಿ ಡಿಎಚ್‌ಸಿಪಿ, ಡಿಎನ್‌ಎಸ್ ನಡೆಸಿ. ಇನ್ನೊಂದು ಯಂತ್ರ ಅದರಿಂದ ವಿಳಾಸ ಪಡೆಯಲಿ. ಆಮೇಲೆ ಬೇಕೆಂದೇ ಕೆಡಿಸಿ: ಡಿಸ್ಕ್ ತುಂಬಿಸಿ, ಡಿಎನ್‌ಎಸ್ ನಿಲ್ಲಿಸಿ, ತಪ್ಪು ಗೇಟ್‌ವೇ ಕೊಡಿ. ಪ್ರತಿ ಸಲ ಲಾಗ್‌ನಲ್ಲಿ ಏನು ಕಾಣುತ್ತದೆ ನೋಡಿ. ಇದು ಕೈಗೆ ಬಂದ ಮೇಲೆ ಮೇಲ್ವಿಚಾರಣೆಗೆ ಝ್ಯಾಬಿಕ್ಸ್, ಒಂದೇ ಸಲಕ್ಕೆ ಹಲವು ಯಂತ್ರ ಸೆಟ್ ಮಾಡಲು ಆನ್ಸಿಬಲ್ ಹಿಡಿಯಿರಿ. ಕೈಪಿಡಿಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್ ಇಲ್ಲದ ಸಂಜೆ ಓದಲು ಆಗುತ್ತದೆ.

ಪರೀಕ್ಷೆ ಬರೆಯುವುದಾದರೆ ನೆಟ್‌ವರ್ಕ್ ಕಡೆಗೆ ಸಿಸ್ಕೋದ ಸಿಸಿಎನ್‌ಎ, ಲಿನಕ್ಸ್ ಕಡೆಗೆ ರೆಡ್‌ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ. ಎರಡನೆಯದರಲ್ಲಿ ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು, ಉರು ಹೊಡೆದರೆ ನಡೆಯುವುದಿಲ್ಲ. ಒಂದು ವರ್ಷ ಕೆಲಸ ಆಗುವ ಮೊದಲು ಎರಡಕ್ಕೂ ದುಡ್ಡು ಹಾಕುವ ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿಗೋ ಇಲ್ಲೇ ದೊಡ್ಡ ಜಾಗಕ್ಕೋ ಅರ್ಜಿ ಹಾಕುವಾಗ ರೆಸ್ಯೂಮೆಯಲ್ಲಿ ‘ನೆಟ್‌ವರ್ಕ್ ನಿರ್ವಹಣೆ’ ಎಂದು ಬರೆದು ಬಿಡಬೇಡಿ. ಎಷ್ಟು ಕಂಪ್ಯೂಟರ್, ಎಷ್ಟು ಶಾಖೆ, ಕಟ್ಟಡಗಳ ನಡುವೆ ತಾಮ್ರ ತೆಗೆದು ಫೈಬರ್ ಹಾಕಿದ ಮೇಲೆ ಎಷ್ಟು ಪೋರ್ಟ್ ಸುಡುವುದು ತಪ್ಪಿತು, ಬ್ಯಾಕಪ್ ವಾಪಸ್ ತೆಗೆಯಲು ಎಷ್ಟು ಹೊತ್ತು ಹಿಡಿಯಿತು, ಇವನ್ನು ಬರೆಯಿರಿ. ಅಂಕಿಗಳೆಲ್ಲ ಮೊದಲ ವಾರ ಶುರು ಮಾಡಿದ ಎಕ್ಸೆಲ್ ಹಾಳೆಯಲ್ಲಿ ಸಿಗುತ್ತವೆ. ವಿಳಾಸ, ಪಾಸ್‌ವರ್ಡ್, ಗ್ರಾಹಕರ ಹೆಸರು ಮಾತ್ರ ಹಳೆಯ ಆಫೀಸಿನಲ್ಲೇ ಬಿಟ್ಟು ಹೋಗಿ.